ಜಾಲತಾಣ ವಿನ್ಯಾಸಕರ ಕಲಿಕೆ ಮತ್ತು ಆತ್ಮಪರಿಚಯ

ಯಾವ ವಿದ್ಯೆಗಾದರೂ ಎರಡು ಮುಖಗಳುಂಟು. ಅದನ್ನು ಸಂಪಾದಿಸುವುದು ಒಂದು. ಸಂಪಾದಿಸಿದ್ದನ್ನು ನಾಲ್ಕು ಜನರ ಉಪಯೋಗಕ್ಕೆ ಬರುವಂತೆ ಮುಂದಿಡುವುದು ಮತ್ತೊಂದು. ಮೊದಲನೆಯದಕ್ಕಾಗಿ ಈ ನಾಡಿನ ವಿದ್ಯಾಸಂಸ್ಥೆಗಳು ತಲೆಮಾರುಗಳಿಂದ ಶ್ರಮಿಸುತ್ತ ಬಂದಿವೆ. ಎರಡನೆಯದರ ವಿಷಯದಲ್ಲಿ ಮಾತ್ರ ಒಂದು ಬಗೆಯ ಸಂಕೋಚ ಮನೆಮಾಡಿಕೊಂಡಿದೆ. ತನ್ನನ್ನು ತಾನು ಹೊಗಳಿಕೊಳ್ಳಬಾರದು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತುಗಳನ್ನು ಮಕ್ಕಳು ಚಿಕ್ಕಂದಿನಿಂದಲೂ ಕೇಳುತ್ತ ಬೆಳೆಯುತ್ತಾರೆ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ವಿನಯವೆಂದರೆ ಮೌನವೆಂದೇ ತಿಳಿದುಕೊಂಡ ವಿದ್ಯಾರ್ಥಿ ಮುಂದೆ ಬದುಕಿನಲ್ಲಿ ಯಾವ ಕಷ್ಟಕ್ಕೆ ಗುರಿಯಾಗುತ್ತಾನೆ ಎಂಬುದನ್ನು ಯೋಚಿಸಿದವರು ವಿರಳ. ಆ ಕಷ್ಟ ಎದ್ದು ಕಾಣುವ ಹೊಸ ವೃತ್ತಿಗಳಲ್ಲಿ ಜಾಲತಾಣ ವಿನ್ಯಾಸ, ಅಂದರೆ ವೆಬ್ ಡಿಸೈನ್, ಒಂದು.

ಬಯಲುಸೀಮೆಯ ಒಂದು ಹಳ್ಳಿಯಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಅಥವಾ ಪದವಿ ಮುಗಿಸಿ, ಕೆಲಸ ಕೇಳಿಕೊಂಡು ಬೆಂಗಳೂರಿಗೆ ಹೋದ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಸಂದರ್ಶನದಲ್ಲಿ ಅವನನ್ನು ಕೇಳುವ ಮೊದಲ ಪ್ರಶ್ನೆ ಅಂಕಗಳನ್ನು ಕುರಿತದ್ದಲ್ಲ. 'ನೀವು ಮಾಡಿರುವ ಕೆಲಸವೇನು? ತೋರಿಸಿ' ಎಂಬುದು. ಅವನು ಸಂಕೋಚದಿಂದ ಅಂಕಪಟ್ಟಿಗಳ ಕಡತವನ್ನು ಬಿಚ್ಚುತ್ತಾನೆ. ಅವನ ಪಕ್ಕದಲ್ಲಿ ಕುಳಿತ ನಗರದ ತರುಣಿ ತನ್ನ ಹೆಸರಿನ ಜಾಲತಾಣವನ್ನೇ ತೆರೆದು, ತಾನು ರೂಪಿಸಿದ ನಾಲ್ಕು ಪುಟಗಳನ್ನು ತೋರಿಸಿ, ಒಂದೊಂದನ್ನೂ ಹೀಗೇಕೆ ಮಾಡಿದೆನೆಂದು ವಿವರಿಸುತ್ತಾಳೆ. ಕಲಿತದ್ದರಲ್ಲಿ ಇಬ್ಬರ ನಡುವೆ ಅಂತರವಿರಲಾರದು. ಆದರೂ ಕೆಲಸ ಯಾರಿಗೆ ದೊರೆಯುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಇಲ್ಲಿ ಸೋತದ್ದು ವಿದ್ಯೆಯಲ್ಲ, ವಿದ್ಯೆಯನ್ನು ಕಾಣಿಸುವ ಅಭ್ಯಾಸವಿಲ್ಲದಿರುವಿಕೆ. ಈ ಅಭ್ಯಾಸವನ್ನು ಯಾರು, ಯಾವಾಗ, ಹೇಗೆ ಕಲಿಸಬೇಕೆಂಬುದು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಯೋಚಿಸಬೇಕಾದ ವಿಷಯ.

ಈ ವೃತ್ತಿಯ ಹುಟ್ಟನ್ನು ಗಮನಿಸಿದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ದೊರೆಯುತ್ತದೆ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಸಾರ್ವಜನಿಕರ ಗಮನಕ್ಕೆ ಬಂದಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಆ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಪ್ರಕಟಿಸಿತು. ಪುಟದ ಹುರುಳನ್ನು ಹೇಳುವ ಭಾಷೆ ಎಚ್.ಟಿ.ಎಂ.ಎಲ್.; ಅದರ ಬಣ್ಣ, ಅಳತೆ, ಅಂದಗಳನ್ನು ಹೇಳುವ ಭಾಷೆ ಸಿ.ಎಸ್.ಎಸ್., ಇದನ್ನು ಹೋಕನ್ ವಿಯುಮ್ ಲೀ ಅವರು 1994ರಲ್ಲಿ ಸೂಚಿಸಿದರು. ಪುಟಕ್ಕೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ರಚಿಸಿದರು. ಇಂದಿಗೂ ಈ ಮೂರೇ ಈ ವಿದ್ಯೆಯ ತಳಹದಿ.

ಈ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಪರದೆಯ ಮೇಲೆ ಕಾಣುವ ಯಾವ ಪುಟವನ್ನಾದರೂ ತೆರೆದು, ಅದರ ಹಿಂದಿರುವ ಮೂಲ ಬರಹವನ್ನು ಓದಲು ಬ್ರೌಸರಿನಲ್ಲಿಯೇ ಅವಕಾಶವಿತ್ತು, ಈಗಲೂ ಇದೆ. ಅಕ್ಕಸಾಲಿಗನ ಅಂಗಡಿಯಲ್ಲಿ ಒಡವೆ ಕಾಣುತ್ತದೆಯೇ ಹೊರತು ಕುಲುಮೆಯ ಗುಟ್ಟು ಕಾಣುವುದಿಲ್ಲ. ವೆಬ್ಬಿನಲ್ಲಿ ಕುಲುಮೆಯ ಬಾಗಿಲೇ ತೆರೆದಿತ್ತು. ಮೊದಲ ತಲೆಮಾರಿನ ವಿನ್ಯಾಸಕರಿಗೆ ಕಾಲೇಜೂ ಇರಲಿಲ್ಲ, ಪಠ್ಯಕ್ರಮವೂ ಇರಲಿಲ್ಲ. ಬೇರೆಯವರ ಪುಟಗಳನ್ನು ಬಿಚ್ಚಿ ನೋಡಿ, ತಿದ್ದಿ ನೋಡಿ, ಕೆಡಿಸಿ ನೋಡಿ ಅವರು ಕಲಿತರು. ಹೀಗೆ ಇತರರ ತೆರೆದ ಕೆಲಸದಿಂದ ಕಲಿತವರು ತಮ್ಮ ಕೆಲಸವನ್ನೂ ತೆರೆದಿಡುವುದು ಸಹಜವಾಗಿತ್ತು. ಕಲಿಕೆಯೂ ಪ್ರಸಿದ್ಧಿಯೂ ಒಂದೇ ಬೇರಿನಿಂದ ಬೆಳೆದವು.

ಇದಕ್ಕೆ ಮೂರು ನಿದರ್ಶನಗಳನ್ನು ನೋಡಬಹುದು. ಅಮೆರಿಕದ ಜೆಫ್ರಿ ಝೆಲ್ಡ್‌ಮನ್ ಅವರು ಮೊದಲು ಜಾಹೀರಾತಿನ ಬರಹಗಾರರಾಗಿದ್ದವರು. 1995ರಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟ ಅವರು ತಾವು ಕಲಿತ ಪಾಠಗಳನ್ನು ತಮ್ಮದೇ ತಾಣದಲ್ಲಿ ಎಲ್ಲರಿಗಾಗಿ ಬರೆದಿಟ್ಟರು. 1998ರಲ್ಲಿ 'ಎ ಲಿಸ್ಟ್ ಅಪಾರ್ಟ್' ಎಂಬ ಪತ್ರಿಕೆಯನ್ನು ವೆಬ್ಬಿನಲ್ಲಿ ಆರಂಭಿಸಿ ಇತರರಿಗೂ ವೇದಿಕೆಯೊದಗಿಸಿದರು. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಬ್ರೌಸರುಗಳು ಒಂದೇ ಪುಟವನ್ನು ಎರಡು ರೀತಿಯಾಗಿ ತೋರಿಸುತ್ತಿದ್ದ ಆ ಕಾಲದಲ್ಲಿ, ಎಲ್ಲರೂ ಒಂದೇ ಮಾನಕವನ್ನು ಪಾಲಿಸಬೇಕೆಂದು ಹೋರಾಡಿದವರಲ್ಲಿ ಅವರೂ ಒಬ್ಬರು. 2003ರಲ್ಲಿ ಪ್ರಕಟವಾದ ಅವರ ಪುಸ್ತಕ ಈ ವಿಷಯವನ್ನು ಸಾಮಾನ್ಯ ವಿನ್ಯಾಸಕರ ಬಳಿಗೆ ಒಯ್ದಿತು. ಅವರಿಗೆ ಹೆಸರು ಬಂದದ್ದು ತಾವು ದೊಡ್ಡವರೆಂದು ಹೇಳಿಕೊಂಡದ್ದರಿಂದಲ್ಲ, ಪರರಿಗೆ ಕಲಿಸಿದ್ದರಿಂದ.

ಎರಡನೆಯದು ಕೆನಡಾದ ಡೇವ್ ಶೇ ಅವರು 2003ರ ಮೇ ತಿಂಗಳಲ್ಲಿ ತೆರೆದ 'ಸಿ.ಎಸ್.ಎಸ್. ಝೆನ್ ಗಾರ್ಡನ್' ಎಂಬ ತಾಣ. ಅಲ್ಲಿ ಒಂದೇ ಒಂದು ಪುಟವಿತ್ತು. ಅದರ ಎಚ್.ಟಿ.ಎಂ.ಎಲ್. ಬರಹದಲ್ಲಿ ಒಂದಕ್ಷರವನ್ನೂ ಬದಲಾಯಿಸದೆ, ಸಿ.ಎಸ್.ಎಸ್. ಮತ್ತು ಚಿತ್ರಗಳ ಬಲದಿಂದ ಮಾತ್ರ ಹೊಸ ರೂಪ ಕೊಡಬೇಕೆಂದು ಅವರು ಜಗತ್ತಿನ ವಿನ್ಯಾಸಕರನ್ನು ಆಹ್ವಾನಿಸಿದರು. ಅದೇ ಬರಹ ಒಬ್ಬರ ಕೈಯಲ್ಲಿ ತೋಟವಾಯಿತು, ಇನ್ನೊಬ್ಬರ ಕೈಯಲ್ಲಿ ಹಳೆಯ ಪತ್ರಿಕೆಯಂತಾಯಿತು, ಮತ್ತೊಬ್ಬರ ಕೈಯಲ್ಲಿ ಸಮುದ್ರವಾಯಿತು. ಪ್ರತಿಯೊಂದು ರೂಪದ ಜೊತೆಗೂ ಅದನ್ನು ಮಾಡಿದವರ ಹೆಸರಿತ್ತು. ಅದನ್ನು ಮಾಡಿದ ಬಗೆಯನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದಿತ್ತು. ಸಿ.ಎಸ್.ಎಸ್. ಭಾಷೆಯಿಂದ ಅಂದವಾದ ಪುಟಗಳು ಸಾಧ್ಯವಿಲ್ಲವೆಂಬ ಅಂದಿನ ಅಪನಂಬಿಕೆಯನ್ನು ಈ ಒಂದು ತಾಣ ವಾದದಿಂದಲ್ಲ, ಕೆಲಸದಿಂದ ಅಳಿಸಿತು. ಅದರಲ್ಲಿ ಪಾಲ್ಗೊಂಡವರಿಗೆ ಅದೇ ಪರಿಚಯಪತ್ರವೂ ಆಯಿತು.

ಮೂರನೆಯದು ಈಥನ್ ಮಾರ್ಕಾಟ್ ಅವರ ಲೇಖನ. 2007ರಲ್ಲಿ ಐಫೋನ್ ಬಂದ ಮೇಲೆ ಕಂಪ್ಯೂಟರಿಗೊಂದು ತಾಣ, ಫೋನಿಗೊಂದು ತಾಣವೆಂದು ಎರಡೆರಡು ಬಾರಿ ಕಟ್ಟುವ ರೂಢಿ ಹಬ್ಬಿತ್ತು. 2010ರ ಮೇ ತಿಂಗಳಲ್ಲಿ 'ಎ ಲಿಸ್ಟ್ ಅಪಾರ್ಟ್' ಪತ್ರಿಕೆಯಲ್ಲಿ ಅವರು ಬೇರೊಂದು ದಾರಿಯನ್ನು ತೋರಿಸಿದರು. ಪರದೆಯ ಅಗಲಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಅಂಕಣಗಳು, ಹಾಗೆಯೇ ಹೊಂದಿಕೊಳ್ಳುವ ಚಿತ್ರಗಳು, ಪರದೆಯ ಅಳತೆಯನ್ನು ವಿಚಾರಿಸಿ ನಿಯಮವನ್ನು ಬದಲಿಸುವ ಸಿ.ಎಸ್.ಎಸ್. ಸೌಲಭ್ಯ, ಈ ಮೂರನ್ನು ಕೂಡಿಸಿದರೆ ಒಂದೇ ಪುಟ ಎಲ್ಲ ಪರದೆಗಳಿಗೂ ಒಪ್ಪುತ್ತದೆ ಎಂದರು. ಮೂರೂ ಆ ವೇಳೆಗಾಗಲೇ ಇದ್ದ ವಸ್ತುಗಳೇ. ಅವುಗಳನ್ನು ಜೋಡಿಸಿ, ಹೆಸರಿಟ್ಟು, ಉದಾಹರಣೆ ಸಹಿತ ವಿವರಿಸಿದ್ದು ಅವರ ಹೆಚ್ಚುಗಾರಿಕೆ. ಮರುವರ್ಷವೇ ಅಮೆರಿಕದ 'ಬಾಸ್ಟನ್ ಗ್ಲೋಬ್' ಪತ್ರಿಕೆಯ ತಾಣ ಅದೇ ಕ್ರಮದಲ್ಲಿ ರೂಪುಗೊಂಡಿತು. ಆ ಕಾರ್ಯದಲ್ಲಿ ಅವರೂ ಭಾಗಿಗಳಾಗಿದ್ದರು.

ಈ ಮೂರು ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಆತ್ಮಪ್ರಶಂಸೆ ಬೇರೆ, ಆತ್ಮಪರಿಚಯ ಬೇರೆ. 'ತಾನು ಶ್ರೇಷ್ಠ' ಎನ್ನುವುದು ಪ್ರಶಂಸೆ. 'ಇದನ್ನು ಹೀಗೆ ಮಾಡಿದೆ, ಇದರಲ್ಲಿ ಇಷ್ಟು ಸರಿಹೋಯಿತು, ಇಷ್ಟು ಸರಿಹೋಗಲಿಲ್ಲ' ಎನ್ನುವುದು ಪರಿಚಯ. ಮೊದಲನೆಯದರಿಂದ ಕೇಳುವವನಿಗೆ ಏನೂ ದೊರೆಯುವುದಿಲ್ಲ. ಎರಡನೆಯದರಿಂದ ಒಂದು ಪಾಠ ದೊರೆಯುತ್ತದೆ. ಅಚ್ಚಿನ ಜಗತ್ತಿನಲ್ಲಿಯೂ ಇದಕ್ಕೊಂದು ಹಳೆಯ ಸಾಮ್ಯವಿದೆ. 1867ರ ಕಾಯಿದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕನ ಹೆಸರು ಮತ್ತು ಅಚ್ಚಾದ ಸ್ಥಳ ಇರಬೇಕಾಗಿತ್ತು. ಅದನ್ನು ಮುದ್ರಕನ ಬಡಾಯಿಯೆಂದು ಯಾರೂ ತಿಳಿಯಲಿಲ್ಲ. ಹೆಸರು ಹಾಕುವುದೆಂದರೆ ಹೊಣೆ ಹೊರುವುದು. ತಪ್ಪಿದ್ದರೆ ಯಾರನ್ನು ಕೇಳಬೇಕು, ಚೆನ್ನಾಗಿದ್ದರೆ ಯಾರ ಬಳಿಗೆ ಹೋಗಬೇಕು ಎಂಬುದಕ್ಕೆ ಅದು ಉತ್ತರ. ವಿನ್ಯಾಸಕನೂ ತನ್ನ ಕೆಲಸಕ್ಕೆ ಹೆಸರು ಹಾಕುವುದನ್ನು ಇದೇ ದೃಷ್ಟಿಯಿಂದ ಕಾಣಬೇಕು.

ಇನ್ನು ಕಲಿಯಬೇಕಾದದ್ದೇನು ಎಂಬ ಪ್ರಶ್ನೆ. ಸಲಕರಣೆಗಳ ಹಿಂದೆ ಓಡಿ ತಳಹದಿಯನ್ನು ಮರೆಯುವುದು ಈ ಕ್ಷೇತ್ರದ ದೊಡ್ಡ ಅಪಾಯ. ಇದಕ್ಕೆ ಫ್ಲ್ಯಾಶ್ ಎಂಬ ತಂತ್ರಾಂಶದ ಕಥೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. 2000ದ ಆಸುಪಾಸಿನಲ್ಲಿ ಚಲಿಸುವ, ಹಾಡುವ, ಕುಣಿಯುವ ತಾಣಗಳನ್ನೆಲ್ಲ ಅದರಲ್ಲಿಯೇ ಕಟ್ಟುತ್ತಿದ್ದರು. ಅದೊಂದನ್ನು ಕಲಿತರೆ ಅನ್ನಕ್ಕೆ ಕೊರತೆಯಿಲ್ಲವೆಂದು ಬಹಳ ಜನ ನಂಬಿದ್ದರು. ಐಫೋನ್ ಅದಕ್ಕೆ ಅವಕಾಶ ಕೊಡಲಿಲ್ಲ. ಕ್ರಮೇಣ ಬ್ರೌಸರುಗಳೂ ಕೈಬಿಟ್ಟವು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಗುಂಡಿಗಳು ಎಲ್ಲಿವೆ ಎಂಬುದನ್ನಷ್ಟೇ ಕಲಿತವರ ವಿದ್ಯೆ ತಂತ್ರಾಂಶದೊಡನೆಯೇ ಮುಗಿಯಿತು. ಚಲನೆಯ ಲಯ, ಅಕ್ಷರಗಳ ಅಳತೆ, ಬಣ್ಣಗಳ ಹೊಂದಿಕೆ, ನೋಡುವವನ ಮನಸ್ಸು ಇವುಗಳನ್ನು ಕಲಿತವರು ಅದೇ ವಿದ್ಯೆಯನ್ನು ಹೊಸ ಸಾಧನಗಳಿಗೆ ಒಯ್ದರು. ಇತ್ತ 1990ರ ದಶಕದ ಸರಳ ಎಚ್.ಟಿ.ಎಂ.ಎಲ್. ಪುಟಗಳು ಇಂದಿನ ಬ್ರೌಸರಿನಲ್ಲಿಯೂ ತೆರೆದುಕೊಳ್ಳುತ್ತವೆ. ತಳಹದಿಗೆ ಇರುವ ಆಯುಸ್ಸು ಅಲಂಕಾರಕ್ಕೆ ಇಲ್ಲ.

ಈಚಿನ ವರ್ಷಗಳಲ್ಲಿ ಈ ಮಾತಿಗೆ ಹೊಸ ತೂಕ ಬಂದಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಬೇಕಾದ ಪುಟವನ್ನು ಮಾತಿನಲ್ಲಿ ವಿವರಿಸಿದರೆ ಅದರ ಮೂಲ ಬರಹವನ್ನು ಯಂತ್ರವೇ ಬರೆದುಕೊಡುವ ಸೌಕರ್ಯ ಸಾಮಾನ್ಯರ ಕೈಗೆ ಸಿಕ್ಕಿದೆ. ಇದರಿಂದ ವಿನ್ಯಾಸಕನ ವೃತ್ತಿಯೇ ಮುಗಿಯಿತೆಂದು ಕೆಲವರು ಕಳವಳಪಡುತ್ತಾರೆ. ಸಾಧಾರಣ ಪುಟವೊಂದನ್ನು ಕಟ್ಟುವ ಕೆಲಸದ ಬೆಲೆ ಇಳಿಯುವುದು ಸಹಜ. ಆದರೆ ಯಂತ್ರ ಕೊಟ್ಟದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು, ಓದುವವನು ಎಲ್ಲಿ ಎಡವುತ್ತಾನೆ ಎಂಬುದನ್ನು ಹೇಳಬಲ್ಲವನ ಅಗತ್ಯ ಇಳಿಯುವುದಿಲ್ಲ. ಅದನ್ನು ಹೇಳಬೇಕಾದರೆ ತಳಹದಿ ಗೊತ್ತಿರಬೇಕು. ತಾನು ಹಾಗೆ ನಿರ್ಧರಿಸಿದ್ದೇಕೆ ಎಂಬುದನ್ನು ವಿವರಿಸುವ ಭಾಷೆಯೂ ಇರಬೇಕು. ಈ ಎರಡನೆಯ ಶಕ್ತಿ ಪ್ರಬಂಧ ಬರೆಯುವ ತರಗತಿಯಲ್ಲಿ ಬೆಳೆಯುವಂಥದು, ಕಂಪ್ಯೂಟರ್ ಕೋಣೆಯಲ್ಲಿ ಮಾತ್ರವಲ್ಲ.

ತಳಹದಿಯಲ್ಲಿ ಎಲ್ಲರೂ ಓದಬಲ್ಲಂತೆ ಪುಟವನ್ನು ಕಟ್ಟುವ ಧರ್ಮವೂ ಸೇರಿದೆ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ತಂತ್ರಾಂಶದ ಮೂಲಕ ವೆಬ್ಬನ್ನು ಬಳಸುತ್ತಾರೆ. ಕೈಗಳ ಚಲನೆ ಕಷ್ಟವಾದವರು ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಓಡಾಡುತ್ತಾರೆ. ಚಿತ್ರಕ್ಕೊಂದು ವಿವರಣೆ, ಶೀರ್ಷಿಕೆಗಳಿಗೊಂದು ಕ್ರಮ, ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ, ಇಂಥ ನಿಯಮಗಳನ್ನು ವೆಬ್ ಮಾನಕಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯೂ3ಸಿ ರೂಪಿಸಿದೆ. ಆ ನಿಯಮಾವಳಿಯ ಮೊದಲ ಆವೃತ್ತಿ ಪ್ರಕಟವಾದದ್ದು 1999ರಲ್ಲಿ; 2.2ನೆಯ ಆವೃತ್ತಿ 2023ರಲ್ಲಿ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾಹಿತಿ ಎಲ್ಲರಿಗೂ ನಿಲುಕಬೇಕೆಂದು ವಿಧಿಸುತ್ತದೆ. ಇದನ್ನು ಶ್ರದ್ಧೆಯಿಂದ ಕಲಿಯುವವನು ಜನೋಪಕಾರದೊಂದಿಗೆ ತನ್ನ ಜೀವನೋಪಾಯವನ್ನೂ ಗಟ್ಟಿಮಾಡಿಕೊಳ್ಳುತ್ತಾನೆ.

ಕನ್ನಡ ಬಲ್ಲ ವಿನ್ಯಾಸಕನಿಗೆ ಇಲ್ಲಿ ಮತ್ತೊಂದು ಕ್ಷೇತ್ರ ತೆರೆದಿದೆ. ಇಂಗ್ಲಿಷಿಗೆಂದು ಹೆಣೆದ ಪುಟದಲ್ಲಿ ಕನ್ನಡವನ್ನು ತುಂಬಿದರೆ ಆಗುವ ಅನಾಹುತಗಳು ಒಂದೆರಡಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. 'ರಾಷ್ಟ್ರ' ಎಂಬ ಪದದಲ್ಲಿ ಎರಡು ಒತ್ತುಗಳು ಕೂಡಿಕೊಂಡು ಬರುತ್ತವೆ. ಸಾಲುಗಳ ನಡುವಣ ಅಂತರ ಇಂಗ್ಲಿಷಿನ ಅಳತೆಯಲ್ಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಇಲ್ಲವೆ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ವಿಭಕ್ತಿ ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವುದರಿಂದ ಫೋನಿನ ಕಿರಿದಾದ ಪರದೆಯಲ್ಲಿ 'ವಿಶ್ವವಿದ್ಯಾನಿಲಯಗಳಲ್ಲಿ' ಎಂಬ ಒಂದೇ ಪದ ಸಾಲನ್ನೆಲ್ಲ ನುಂಗುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದ ಒತ್ತು ಕೊಡುವಂತೆ ಕನ್ನಡದಲ್ಲಿ ಕೊಡಲಾಗುವುದಿಲ್ಲ. ಬಣ್ಣ, ಗಾತ್ರ, ದಪ್ಪಗಳಿಂದಲೇ ಸಾಧಿಸಬೇಕು. ಪುಟದ ಭಾಷೆ ಕನ್ನಡವೆಂದು ಮೂಲ ಬರಹದಲ್ಲಿ ಸೂಚಿಸದಿದ್ದರೆ ಓದಿ ಹೇಳುವ ತಂತ್ರಾಂಶ ತಡವರಿಸಬಹುದು.

ಯುನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದವು. ಅದಕ್ಕೆ ಮೊದಲು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿ ಅನೇಕ ಪುಟಗಳು ಸಿದ್ಧವಾದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕನ್ನಡ ಪದಗಳಿಂದ ಹುಡುಕಿದರೆ ಸಿಗುವುದಿಲ್ಲ. ಇಂಥ ಬರಹವನ್ನು ಯುನಿಕೋಡಿಗೆ ತಂದು ಓದಬಲ್ಲ ಪುಟವನ್ನಾಗಿ ಮಾಡುವುದು ಒಳ್ಳೆಯ ಅಭ್ಯಾಸವೂ ಹೌದು, ಭಾಷಾಸೇವೆಯೂ ಹೌದು. ಇಂಗ್ಲಿಷ್ ಸರಾಗವಾಗಿ ಬಾರದೆಂದು ಹಿಂಜರಿಯುವ ತರುಣನಿಗೆ ತನ್ನ ಕೊರತೆಯೆಂದು ತೋರುವ ಹಿನ್ನೆಲೆಯೇ ಇಲ್ಲಿ ಬಂಡವಾಳವಾಗಬಲ್ಲದು.

ಹೀಗೆ ಕಲಿತದ್ದನ್ನು ಮುಂದಿಡುವ ಬಗೆಯಲ್ಲಿ ಕೆಲವು ನಿಯಮಗಳನ್ನು ಪಾಲಿಸುವುದು ಕ್ಷೇಮ. ಮೊದಲನೆಯದಾಗಿ, ವಿನ್ಯಾಸಕನಿಗೆ ಸ್ವಂತ ವಿಳಾಸವಿರಬೇಕು. ಸಾಮಾಜಿಕ ಜಾಲಗಳಲ್ಲಿ ಕೆಲಸವನ್ನು ಹಂಚಿಕೊಳ್ಳುವುದು ತಪ್ಪಲ್ಲ. ಆದರೆ ಅವು ಪರರ ಜಾಗ. ಲಕ್ಷಾಂತರ ಜನ ತಮ್ಮ ಮೊದಲ ಪುಟಗಳನ್ನು ಕಟ್ಟಿದ್ದ ಜಿಯೋಸಿಟೀಸ್ ಎಂಬ ಸೇವೆಯನ್ನು ಅದರ ಒಡೆತನದ ಸಂಸ್ಥೆ 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಚ್ಚಿತು. ಬಾಡಿಗೆಯ ಮನೆಯ ಗೋಡೆಗೆ ಚಿತ್ರ ಬರೆದವನ ಪಾಡು ಅದು. ವರ್ಷಕ್ಕೊಮ್ಮೆ ಸಣ್ಣ ಶುಲ್ಕ ತೆತ್ತು ಇಟ್ಟುಕೊಳ್ಳುವ ಸ್ವಂತ ಡೊಮೇನ್ ಹೆಸರಿನಲ್ಲಿ ಮೂಲ ಪ್ರತಿಯಿರಲಿ. ಉಳಿದೆಡೆ ಅದರ ಸೂಚನೆಯಿರಲಿ.

ಎರಡನೆಯದಾಗಿ, ತೋರಿಸುವ ಕೆಲಸಗಳು ಕಡಿಮೆಯಿರಲಿ, ವಿವರ ಹೆಚ್ಚಿರಲಿ. ಇಪ್ಪತ್ತು ಚಿತ್ರಗಳನ್ನು ಸಾಲಾಗಿ ತೂಗುಹಾಕುವುದಕ್ಕಿಂತ ಮೂರು ಕೆಲಸಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಪುಟದ ವೃತ್ತಾಂತ ಬರೆಯುವುದು ಮೇಲು. ಯಾರಿಗಾಗಿ ಮಾಡಿದ್ದು, ಅವರ ತೊಂದರೆಯೇನಾಗಿತ್ತು, ಹಣ ಮತ್ತು ಕಾಲದ ಮಿತಿ ಎಷ್ಟು, ಯಾವ ದಾರಿಗಳನ್ನು ಯೋಚಿಸಿ ಬಿಟ್ಟದ್ದು, ಕೊನೆಗೆ ಏನಾಯಿತು ಎಂಬುದು ಅದರಲ್ಲಿರಬೇಕು. ಹತ್ತು ಜನರ ತಂಡದಲ್ಲಿ ಮಾಡಿದ ಕೆಲಸವಾದರೆ ತನ್ನ ಪಾಲೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಪರರ ಪುಟವನ್ನು ನಕಲು ಮಾಡಿ ತನ್ನದೆಂದರೆ, ಮೂಲ ಬರಹ ತೆರೆದೇ ಇರುವ ಈ ಲೋಕದಲ್ಲಿ ಅದು ಬಯಲಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. 'ಸಿ.ಎಸ್.ಎಸ್. ಜ್ಞಾನ ಶೇಕಡಾ 90' ಎಂದು ಪಟ್ಟಿ ಎಳೆದು ತೋರಿಸುವ ರೂಢಿಯೊಂದಿದೆ. ಯಾವುದರ ಶೇಕಡಾ ಎಂಬುದು ಬರೆದವರಿಗೂ ಗೊತ್ತಿಲ್ಲದ ಈ ಲೆಕ್ಕ ಯಾರನ್ನೂ ಒಪ್ಪಿಸಲಾರದು.

ಮೂರನೆಯದಾಗಿ, ತೋರಿಸಲು ಕೆಲಸವೇ ಇಲ್ಲದ ಹೊಸಬನು ಕೆಲಸವನ್ನು ಹುಡುಕಿಕೊಳ್ಳಬೇಕು. ಊರಿನ ಗ್ರಂಥಾಲಯ, ಹಾಲು ಉತ್ಪಾದಕರ ಸಂಘ, ನೇಕಾರರ ಸಹಕಾರ ಸಂಘ, ಇವುಗಳಲ್ಲಿ ಯಾವುದಾದರೊಂದಕ್ಕೆ ಅವರ ಒಪ್ಪಿಗೆ ಪಡೆದು ಐದಾರು ಪುಟಗಳ ತಾಣವನ್ನು ಮಾಡಿಕೊಡಬಹುದು. ಪರಸ್ಪರ ಕಲಿಕೆಗೆ ಸಾರ್ವಜನಿಕವಾಗಿ ತೆರೆದ ಯೋಜನೆಗಳೂ ಇವೆ. 2008ರಲ್ಲಿ ಆರಂಭವಾದ ಗಿಟ್‌ಹಬ್ ತಾಣದಲ್ಲಿ ಯಾರು, ಯಾವ ದಿನ, ಯಾವ ಸಾಲನ್ನು ತಿದ್ದಿದರು ಎಂಬುದು ದಾಖಲಾಗುತ್ತದೆ. ಅಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯೂ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಮಾತನಾಡುತ್ತದೆ. ಕಲಿಯುವಾಗ ಎರಡು ದಿನ ಕಾಡಿದ ಒಂದು ತೊಡಕನ್ನು ಬಿಡಿಸಿದ ಬಗೆಯನ್ನು ಕನ್ನಡದಲ್ಲಿ ಬರೆದಿಟ್ಟರೆ ಹಿಂದೆ ಬರುವವರಿಗೆ ಅದು ಮೆಟ್ಟಿಲಾಗುತ್ತದೆ. ಬರೆದವರ ಹೆಸರನ್ನೂ ಒಯ್ಯುತ್ತದೆ.

ನಾಲ್ಕನೆಯದಾಗಿ, ತನ್ನ ತಾಣವೇ ತನ್ನ ವಿದ್ಯೆಗೆ ಸಾಕ್ಷಿಯೆಂಬುದನ್ನು ಮರೆಯಬಾರದು. ಭಾರವಾದ ಚಿತ್ರಗಳಿಂದ ತುಂಬಿ, ಅಗ್ಗದ ಫೋನಿನಲ್ಲಿ ತೆರೆಯಲು ಒದ್ದಾಡುವ ತಾಣವನ್ನು ಇಟ್ಟುಕೊಂಡವನು ವೇಗದ ಬಗ್ಗೆ ಉಪದೇಶ ಮಾಡಿದರೆ ಕೇಳುವವರಾರು? ದುರ್ಬಲ ಸಂಪರ್ಕವಿರುವ ಊರಿನಲ್ಲಿ ನಿಂತು, ಸಾಧಾರಣ ಫೋನಿನಲ್ಲಿ ಅದನ್ನೊಮ್ಮೆ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಐದನೆಯದಾಗಿ, ಗಿರಾಕಿಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಸಂಭಾವನೆ ಮತ್ತು ಗಡುವಿನ ಜೊತೆಗೆ 'ಈ ಕೆಲಸವನ್ನು ಮಾಡಿದವರೆಂದು ಹೆಸರಿಸಿ ತೋರಿಸಿಕೊಳ್ಳಬಹುದು' ಎಂಬ ಮಾತನ್ನು ಮೊದಲೇ ಬರೆಸಿಕೊಳ್ಳಬೇಕು. ಹತ್ತಾರು ತಾಣಗಳನ್ನು ಕಟ್ಟಿಯೂ ಒಂದನ್ನೂ ತನ್ನದೆಂದು ಹೇಳಲಾಗದ ಸ್ಥಿತಿಗೆ ಎಷ್ಟೋ ಸಮರ್ಥರು ಬೀಳುವುದು ಈ ಒಂದು ವಾಕ್ಯವಿಲ್ಲದ ಕಾರಣದಿಂದ. ಸಂಸ್ಥೆಯೊಂದರಲ್ಲಿ ನೌಕರಿಯಲ್ಲಿರುವವರು ಗೋಪ್ಯತೆಯ ಕರಾರನ್ನು ಗೌರವಿಸಲೇಬೇಕಾದ್ದರಿಂದ, ಬಿಡುವಿನಲ್ಲಿ ಸ್ವಂತದ್ದೆಂಬ ಒಂದಾದರೂ ಕೆಲಸವನ್ನು ಇಟ್ಟುಕೊಳ್ಳುವುದು ವಿವೇಕ.

ಇಷ್ಟು ಹೇಳಿದ ಮೇಲೆ ಅತಿರೇಕದ ಅಪಾಯವನ್ನೂ ಹೇಳಬೇಕು. ಪ್ರಚಾರವೇ ಕೆಲಸವಾಗಿಬಿಟ್ಟ ವಿನ್ಯಾಸಕರೂ ಇದ್ದಾರೆ. ದಿನವೂ ಏನನ್ನಾದರೂ ಪ್ರಕಟಿಸುತ್ತ, ಮೆಚ್ಚಿದವರ ಸಂಖ್ಯೆಯನ್ನು ಎಣಿಸುತ್ತ, ಕಲಿಯಲು ಪುರುಸೊತ್ತಿಲ್ಲದೆ, ಮೂರು ವರ್ಷಗಳ ಹಿಂದಿನ ವಿದ್ಯೆಯನ್ನೇ ಹೊಸ ಬಣ್ಣದಲ್ಲಿ ತೋರಿಸುತ್ತಿರುತ್ತಾರೆ. ಬುಡಕ್ಕೆ ನೀರಿಲ್ಲದೆ ತುದಿಗೆ ತೋರಣ ಕಟ್ಟಿದಂತೆ ಇದು. ಹತ್ತು ದಿನ ಕಲಿತು, ಮಾಡಿ, ಒಂದು ದಿನ ಅದನ್ನು ಬರೆದು ತೋರಿಸಿದರೆ ಸಾಕು. ಹಿರಿಯರು ಹೇಳಿದ ತುಂಬಿದ ಕೊಡದ ಮಾತು ಇಲ್ಲಿಗೆ ಸಲ್ಲುತ್ತದೆ.

ಅಧ್ಯಾಪಕರು ಈ ಅಭ್ಯಾಸವನ್ನು ಬಿತ್ತಲು ಹೊಸ ಪಠ್ಯಕ್ರಮ ಬೇಕಾಗಿಲ್ಲ. ಚಿತ್ರ ಬರೆದ, ಮಾದರಿ ಮಾಡಿದ, ಲೆಕ್ಕ ಬಿಡಿಸಿದ ವಿದ್ಯಾರ್ಥಿಯನ್ನು ನಿಲ್ಲಿಸಿ 'ಇದನ್ನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ, ಹೇಗೆ ತಿದ್ದಿಕೊಂಡೆ?' ಎಂದು ತರಗತಿಯ ಎದುರಿನಲ್ಲಿ ಕೇಳುವುದು, ಅದನ್ನೇ ಹತ್ತು ಸಾಲುಗಳಲ್ಲಿ ಬರೆಸಿ ಕೆಳಗೆ ಹೆಸರು ಹಾಕಿಸುವುದು ಸಾಕು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗ, ಹುಡುಗಿಯರಿಂದಲೇ ಇದು ಆರಂಭವಾಗಬೇಕು. ಕಂಪ್ಯೂಟರ್ ತರಗತಿಯಲ್ಲಿ ವರ್ಷಕ್ಕೊಂದು ಪುಟವನ್ನಾದರೂ ಪ್ರತಿಯೊಬ್ಬರೂ ಕೈಯಾರೆ ಬರೆಯಬೇಕು. ಅದಕ್ಕೆ ಸಾಧಾರಣ ಯಂತ್ರವೂ ಒಂದು ಉಚಿತ ತಂತ್ರಾಂಶವೂ ಸಾಕು.

ಹಳೆಯ ವಿದ್ಯಾರ್ಥಿಗಳ ನೆರವಿಗೆ ಹಣಕ್ಕಿಂತ ಹೆಚ್ಚಿನ ಬೆಲೆಯುಂಟು. ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ಈ ವೃತ್ತಿಯಲ್ಲಿರುವವರು ತಿಂಗಳಿಗೊಂದು ಗಂಟೆ ಬಿಡುವು ಮಾಡಿಕೊಂಡು, ಕಿರಿಯರು ಕಟ್ಟಿದ ಪುಟಗಳನ್ನು ನೋಡಿ ತಿದ್ದಿಕೊಟ್ಟರೆ ಅದು ದೊಡ್ಡ ದಾನ. 'ಚೆನ್ನಾಗಿದೆ' ಎಂಬ ಒಂದು ಮಾತಿನಿಂದ ಉಪಕಾರವಾಗದು. 'ಇಲ್ಲಿ ಅಕ್ಷರ ಮಸುಕಾಗಿದೆ, ಈ ಗುಂಡಿ ಬೆರಳಿಗೆ ಸಿಗುವುದಿಲ್ಲ' ಎನ್ನುವವರು ಬೇಕು. ದಾನಿಗಳು ಕಂಪ್ಯೂಟರುಗಳನ್ನು ಕೊಡುವಾಗ ಅವುಗಳ ದುರಸ್ತಿಗೂ, ಸಂಪರ್ಕಕ್ಕೂ, ಕಲಿಸುವವರಿಗೂ ಏರ್ಪಾಡು ಮಾಡುವುದು ಲೇಸು. ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿದ ಯಂತ್ರ ಯಾರ ಹೆಸರನ್ನೂ ಉಳಿಸುವುದಿಲ್ಲ. ಶಾಲೆಯ ತಾಣವನ್ನೇ ಹಿರಿಯರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳಿಂದ ಕಟ್ಟಿಸಿ, ಕೆಲಸ ಮಾಡಿದವರ ಹೆಸರನ್ನು ಅವರ ಮತ್ತು ಪೋಷಕರ ಒಪ್ಪಿಗೆಯಿಂದ ಕೊನೆಯ ಪುಟದಲ್ಲಿ ಕೊಡಬಹುದು. ಮಕ್ಕಳ ಭಾವಚಿತ್ರ, ದೂರವಾಣಿ, ಮನೆಯ ವಿಳಾಸಗಳನ್ನು ಮಾತ್ರ ಬಹಿರಂಗಪಡಿಸಬಾರದು. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬ ವಿವೇಕವೂ ಅವರ ಕಲಿಕೆಯ ಭಾಗವಾಗಲಿ.

ಎಲೆಮರೆಯ ಕಾಯಿ ಎಂಬ ಮಾತನ್ನು ಸಜ್ಜನರ ಹೊಗಳಿಕೆಯಾಗಿ ಬಳಸುವುದು ವಾಡಿಕೆ. ಆದರೆ ಎಲೆಯ ಮರೆಯಲ್ಲಿಯೇ ಹಣ್ಣಾಗಿ ಅಲ್ಲಿಯೇ ಉದುರಿದ ಕಾಯಿಯಿಂದ ಹಸಿದವನಿಗೂ ಪ್ರಯೋಜನವಿಲ್ಲ, ನೀರೆರೆದವನಿಗೂ ಸಂತೋಷವಿಲ್ಲ. ಕೆಲಸವನ್ನು ಚೆನ್ನಾಗಿ ಕಲಿತು, ಅದನ್ನು ಇದ್ದಂತೆ ತೋರಿಸಿ, ಕೆಳಗೆ ತನ್ನ ಹೆಸರನ್ನು ಬರೆದು, ಅದರ ಹೊಣೆಯನ್ನು ಹೊರುವುದು ಅಹಂಕಾರವಲ್ಲ. ಅಷ್ಟು ಧೈರ್ಯವನ್ನು ಕೊಟ್ಟು ಕಳುಹಿಸಿದರೆ ಈ ಶಾಲೆಯಿಂದ ಹೊರಟ ಹಳ್ಳಿಯ ಮಗು ಯಾವ ನಗರದ ಯಾವ ಕೋಣೆಯಲ್ಲಿ 'ನೀವು ಮಾಡಿರುವ ಕೆಲಸವೇನು?' ಎಂಬ ಪ್ರಶ್ನೆ ಎದುರಾದರೂ ತಲೆ ತಗ್ಗಿಸಬೇಕಾಗುವುದಿಲ್ಲ.